ನಿಮ್ಮ ಟಾಕ್ ಯಾಕೆ ರಿಜೆಕ್ಟ್ ಆಯ್ತು? ಕಾನ್ಫರೆನ್ಸ್ ಸಮಿತಿಗಳ ಒಳಗಿನ ಲೆಕ್ಕ

ದೊಡ್ಡ ಟೆಕ್ ಕಾನ್ಫರೆನ್ಸ್ ಒಂದರ ಸ್ಪೀಕರ್ ಪಟ್ಟಿ ಹೊರಬಿದ್ದ ದಿನ ಎರಡು ಮಾತು ಗ್ಯಾರಂಟಿ. ಒಂದು, ‘ಎಲ್ಲಾ ಅವರವರೇ ಸೇರ್ಕೊಂಡು ಹಂಚ್ಕೊಂಡಿದ್ದಾರೆ ಬಿಡಿ’. ಇನ್ನೊಂದನ್ನು ಯಾರೂ ಜೋರಾಗಿ ಹೇಳುವುದಿಲ್ಲ: ‘ನನ್ನ ಟಾಕ್ ಅಷ್ಟೊಂದು ಕಳಪೆ ಇತ್ತಾ?’ ಒಂದೆರಡು ಸಮಿತಿಗಳಲ್ಲಿ ಕೂತು ರಾಶಿ ರಾಶಿ ಪ್ರಪೋಸಲ್, ಅಂದರೆ ‘ನಾನು ಈ ವಿಷಯದ ಮೇಲೆ ಮಾತಾಡ್ತೀನಿ’ ಅನ್ನುವ ಅರ್ಜಿ, ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಎರಡೂ ಬಹುಮಟ್ಟಿಗೆ ತಪ್ಪು. ಆಯ್ಕೆಯ ಕೋಣೆಯಲ್ಲಿ ಏನಾಗುತ್ತದೆ ಅನ್ನೋದಕ್ಕಿಂತ, ಆ ಕೋಣೆಗೆ ಯಾರ ಅರ್ಜಿ ಬಂತು ಅನ್ನೋದೇ ಪಟ್ಟಿಯನ್ನು ಜಾಸ್ತಿ ತೀರ್ಮಾನಿಸುತ್ತದೆ. ಅಲ್ಲಿಗೆ ಬರೋಣ. ಮೊದಲು ಕೋಣೆಯ ಒಳಗಿನ ಕಥೆ.

ಪೈಕಾನ್ ಅಂತ ಇದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸುವವರು ಉತ್ತರ ಅಮೆರಿಕದಲ್ಲಿ ಪ್ರತಿ ವರ್ಷ ನಡೆಸುವ ಸಮ್ಮೇಳನ. 2014 ಮತ್ತು 2015ರಲ್ಲಿ ಅದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆಯಿತು. ಆ ವರ್ಷಗಳಲ್ಲಿ ಮೂರು ದಿನ, ಒಂದೇ ಹೊತ್ತಿಗೆ ಐದು ಹಾಲ್, ಒಟ್ಟು 95 ಟಾಕ್‌ಗೆ ಜಾಗ. ಬರುತ್ತಿದ್ದ ಪ್ರಪೋಸಲ್‌ಗಳು ಐನೂರಕ್ಕೂ ಜಾಸ್ತಿ. ಅಂದರೆ ಐದಾರು ಜನ ಕೇಳಿದರೆ ಒಬ್ಬರಿಗೆ ಜಾಗ. ಸಮಿತಿಯಲ್ಲಿ ದೇವತೆಗಳೇ ಕೂತಿದ್ದರೂ ನಾನೂರಕ್ಕೂ ಹೆಚ್ಚು ಜನರಿಗೆ ‘ಈ ಸಲ ಆಗಲಿಲ್ಲ’ ಅಂತ ಮೇಲ್ ಹೋಗಲೇಬೇಕಿತ್ತು.

ಅಷ್ಟನ್ನೂ ಓದುವವರು ಯಾರು? ಬಹುತೇಕ ಕಡೆ ಸಂಬಳ ಇಲ್ಲದ ಸ್ವಯಂಸೇವಕರು. ಪೈಕಾನ್‌ನಲ್ಲಂತೂ ಆಸಕ್ತಿ ಇದ್ದವರು ಯಾರು ಬೇಕಾದರೂ ಸಮಿತಿ ಸೇರಬಹುದಿತ್ತು. ಹಗಲು ಆಫೀಸು, ರಾತ್ರಿ ಊಟ ಮುಗಿಸಿ ಒಂದಷ್ಟು ಪ್ರಪೋಸಲ್. ಕೆಲಸವನ್ನು ಅವರು ಎರಡು ಸುತ್ತಾಗಿ ಒಡೆದುಕೊಂಡಿದ್ದರು, ಹೆಸರುಗಳು ತಮಾಷೆಯಾಗಿವೆ: ಮೊದಲನೆಯದು ಕಿಟನ್‌ಡೋಮ್, ಎರಡನೆಯದು ಥಂಡರ್‌ಡೋಮ್. ಬೆಕ್ಕಿನ ಮರಿಯ ಸುತ್ತು, ಗುಡುಗಿನ ಸುತ್ತು ಅಂದುಕೊಳ್ಳಿ.

ಕಿಟನ್‌ಡೋಮ್‌ನಲ್ಲಿ ಒಂದೊಂದು ಪ್ರಪೋಸಲನ್ನೂ ಒಂಟಿಯಾಗಿ ನೋಡುತ್ತಿದ್ದರು. ಪಕ್ಕದ್ದು ಹೇಗಿದೆ ಅಂತ ಹೋಲಿಸುವಂತಿರಲಿಲ್ಲ. ಇದು ತನ್ನಷ್ಟಕ್ಕೆ ಒಳ್ಳೆಯ ಟಾಕ್ ಆಗಬಹುದಾ, ಅಷ್ಟೇ ಪ್ರಶ್ನೆ. ಏನಾದರೂ ಅರ್ಥವಾಗದಿದ್ದರೆ ಬರೆದವರನ್ನೇ ಕೇಳಬಹುದಿತ್ತು, ಅವರು ತಿದ್ದಿ ಕಳಿಸಬಹುದಿತ್ತು. ಥಂಡರ್‌ಡೋಮ್‌ನಲ್ಲಿ ಉಳಿದುಕೊಂಡವನ್ನೆಲ್ಲ ವಿಷಯದ ಪ್ರಕಾರ ಗುಂಪು ಮಾಡುತ್ತಿದ್ದರು. ಆಗ ಶುರುವಾಗುತ್ತಿತ್ತು ನೋಡಿ ನಿಜವಾದ ಜಗಳ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಸಾಫ್ಟ್‌ವೇರ್ ಟೆಸ್ಟಿಂಗ್ ಮೇಲೆ ಏಳು ಪ್ರಪೋಸಲ್ ಬಂದಿವೆ, ಏಳೂ ಮೊದಲ ಸುತ್ತು ದಾಟಿವೆ. ಆದರೆ ಒಂದೇ ಸಮ್ಮೇಳನದಲ್ಲಿ ಟೆಸ್ಟಿಂಗ್ ಬಗ್ಗೆ ಏಳು ಟಾಕ್ ಇಟ್ಟರೆ ಕೇಳುವವರು ಯಾರು? ಎರಡಕ್ಕೆ ಜಾಗ, ಹೆಚ್ಚೆಂದರೆ ಮೂರಕ್ಕೆ. ಏಳರಲ್ಲಿ ಮೂರು ಹೊಸಬರಿಗೆ ಬರೆದದ್ದು. ಹೊಸಬರಿಗೆ ಒಂದು ಸಾಕು, ಹಾಗಾಗಿ ಇನ್ನೆರಡು ಹೊರಗೆ. ಎರಡು ಒಂದೇ ಕೋಡ್ ಲೈಬ್ರರಿಯ ಬಗ್ಗೆ, ಅದರಲ್ಲೊಂದು ಹೊರಗೆ. ಹೀಗೆ ಬಿದ್ದವುಗಳಲ್ಲಿ ಒಂದಾದರೂ ಬೇರೆ ಗುಂಪಿನಲ್ಲಿ, ಉದಾಹರಣೆಗೆ ಎರಡೇ ಪ್ರಪೋಸಲ್ ಬಂದ ಹಾರ್ಡ್‌ವೇರ್ ಗುಂಪಿನಲ್ಲಿ ಇದ್ದಿದ್ದರೆ ಕಣ್ಣು ಮುಚ್ಚಿ ಆಯ್ಕೆಯಾಗುತ್ತಿತ್ತು. ಮದುವೆ ಊಟದ ಎಲೆ ಇದ್ದ ಹಾಗೆ, ಹೋಳಿಗೆ ಎಷ್ಟೇ ಚೆನ್ನಾಗಿದ್ದರೂ ಎಲೆ ತುಂಬ ಹೋಳಿಗೆ ಬಡಿಸುವುದಿಲ್ಲ ಅಲ್ವಾ? ಸಮಿತಿ ‘ಅತ್ಯುತ್ತಮ 95’ ಆರಿಸುತ್ತದೆ ಅಂತ ಹೊರಗಿನವರು ತಿಳಿದಿರುತ್ತಾರೆ. ಅದು ಆರಿಸುವುದು ಒಟ್ಟಿಗೆ ಇಟ್ಟರೆ ಮೂರು ದಿನ ಹೊಂದಿಕೊಳ್ಳುವ 95ನ್ನು. ಆದರೆ ನಿಮಗೆ ಬರುವ ಮೇಲ್‌ನಲ್ಲಿ ಇದ್ಯಾವುದೂ ಇರುವುದಿಲ್ಲ.

ಇನ್ನು ಓದುವ ಬಗೆ. ಸಮಿತಿಯ ಮುಂದೆ ನಿಮ್ಮ ಟಾಕ್ ಇರುವುದಿಲ್ಲ, ಒಂದು ಶೀರ್ಷಿಕೆ, ಒಂದೆರಡು ಪ್ಯಾರಾ, ನಿಮಿಷಗಳ ಲೆಕ್ಕದ ಒಂದು ರೂಪರೇಖೆ ಇರುತ್ತದೆ. ನೀವು ಎಷ್ಟು ಚೆನ್ನಾಗಿ ಮಾತಾಡುತ್ತೀರಿ ಅನ್ನೋದು ಅಲ್ಲಿ ಕಾಣುವುದಿಲ್ಲ. ರಾತ್ರಿ ಹನ್ನೊಂದಕ್ಕೆ, ಆ ದಿನದ ಮೂವತ್ತನೆಯ ಪ್ರಪೋಸಲ್ ಓದುತ್ತಿರುವವರ ಕಣ್ಣಿಂದ ಇವೆರಡನ್ನು ನೋಡಿ, ಎರಡೂ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಬಗ್ಗೆ, ಅದರಲ್ಲಿ ಹುಡುಕಾಟ ಬೇಗ ಆಗಲು ಕಟ್ಟುವ ಇಂಡೆಕ್ಸ್ ಬಗ್ಗೆ. ಒಂದು: ‘ಪೋಸ್ಟ್‌ಗ್ರೆಸ್ ಪರ್ಫಾರ್ಮೆನ್ಸ್: ಒಂದು ಪರಿಚಯ. ಈ ಟಾಕ್‌ನಲ್ಲಿ ಇಂಡೆಕ್ಸ್, ಕ್ವೆರಿ ಟ್ಯೂನಿಂಗ್ ಮತ್ತು ಉತ್ತಮ ರೂಢಿಗಳ ಬಗ್ಗೆ ತಿಳಿಯುತ್ತೇವೆ.’ ಇನ್ನೊಂದು: ‘ಒಂದು ಇಂಡೆಕ್ಸ್ ಸೇರಿಸಿದ್ದಕ್ಕೆ ನಮ್ಮ ಆರ್ಡರ್‌ಗಳೆಲ್ಲ ನಿಂತು ಹೋದವು. ಪೋಸ್ಟ್‌ಗ್ರೆಸ್‌ನಲ್ಲಿ ಮಾಮೂಲಿ ರೀತಿಯಲ್ಲಿ ಇಂಡೆಕ್ಸ್ ಕಟ್ಟಿದರೆ, ಅದು ಮುಗಿಯುವ ತನಕ ಆ ಟೇಬಲ್‌ಗೆ ಯಾರೂ ಬರೆಯುವಂತಿಲ್ಲ. ಅದಕ್ಕೆ ಕಾನ್‌ಕರೆಂಟ್ಲಿ ಅನ್ನುವ ಬೇರೆ ದಾರಿ ಇದೆ, ಅದಕ್ಕೂ ಅದರದೇ ತಾಪತ್ರಯಗಳಿವೆ. ಮೊದಲ ಹತ್ತು ನಿಮಿಷ ಏನಾಯಿತು, ಮುಂದಿನ ಹತ್ತು ನಿಮಿಷ ಲಾಕ್‌ಗಳು ಹೇಗೆ ಕೆಲಸ ಮಾಡುತ್ತವೆ, ಕೊನೆಗೆ ನಾವೀಗ ಪಾಲಿಸುವ ಪಟ್ಟಿ.’ ಎರಡೂ ಒಬ್ಬರೇ ಬರೆದಿರಬಹುದು, ಎರಡೂ ಒಂದೇ ಟಾಕ್ ಕೂಡ ಆಗಿರಬಹುದು. ಆದರೆ ಮೊದಲನೆಯದಕ್ಕೆ ಓಟು ಹಾಕಬೇಕಾದರೆ ಓದುವವರು ನಿಮ್ಮನ್ನು ಸುಮ್ನೆ ನಂಬಬೇಕು. ಎರಡನೆಯದರಲ್ಲಿ ಟಾಕ್ ಈಗಾಗಲೇ ಕಣ್ಣಿಗೆ ಕಾಣುತ್ತಿದೆ.

ಮೊದಲನೆಯ ಥರದವೇ ಜಾಸ್ತಿ ಬರುತ್ತವೆ. ಕೊನೆಯ ದಿನ, ಕೊನೆಯ ಗಂಟೆಯಲ್ಲಿ ಬರುವುದರಲ್ಲಂತೂ ಕೇಳಲೇಬೇಡಿ.

ಹಾಗಂತ ಚೆನ್ನಾಗಿ ಬರೆದರೆ ಸಾಕು ಅಂದುಕೊಳ್ಳಬೇಡಿ, ಅದೃಷ್ಟದ ಪಾಲು ದೊಡ್ಡದೇ ಇದೆ. ಇದನ್ನು ಅಳೆದು ನೋಡಿದವರಿದ್ದಾರೆ. ಮಷೀನ್ ಲರ್ನಿಂಗ್ ಲೋಕದ ದೊಡ್ಡ ಸಮ್ಮೇಳನ ನಿಪ್ಸ್, ಈಗ ಅದನ್ನು ನ್ಯೂರಿಪ್ಸ್ ಅನ್ನುತ್ತಾರೆ. 2014ರಲ್ಲಿ ಅದರ ಕಾರ್ಯಕ್ರಮ ಸಮಿತಿಯ ಮುಖ್ಯಸ್ಥರಾಗಿದ್ದ ಕೊರಿನಾ ಕಾರ್ಟೆಸ್ ಮತ್ತು ನೀಲ್ ಲಾರೆನ್ಸ್ ಒಂದು ಧೈರ್ಯದ ಕೆಲಸ ಮಾಡಿದರು. ಬಂದ ಪ್ರಬಂಧಗಳಲ್ಲಿ ಸುಮಾರು ಹತ್ತನೇ ಒಂದು ಭಾಗವನ್ನು, 166 ಪ್ರಬಂಧಗಳನ್ನು, ಎರಡು ಬೇರೆ ಬೇರೆ ಸಮಿತಿಗಳಿಗೆ ಕೊಟ್ಟು, ಇಬ್ಬರೂ ಒಂದೇ ತೀರ್ಪು ಕೊಡುತ್ತಾರಾ ಅಂತ ನೋಡಿದರು. 43ರಲ್ಲಿ ತೀರ್ಪು ಬೇರೆ ಬೇರೆ ಬಂತು. ನಾಲ್ಕರಲ್ಲಿ ಒಂದು ತಾನೇ ಅನ್ನಿಸಬಹುದು. ಆದರೆ ಅಲ್ಲಿ ಆಯ್ಕೆಯಾಗುತ್ತಿದ್ದುದೇ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಆ ಲೆಕ್ಕದಲ್ಲಿ ನೋಡಿದರೆ ಒಂದು ಸಮಿತಿ ಒಪ್ಪಿದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಸಮಿತಿ ತಿರಸ್ಕರಿಸಿತ್ತು. ತೀರಾ ಕಳಪೆ ಪ್ರಬಂಧಗಳನ್ನು ಇಬ್ಬರೂ ಸುಲಭವಾಗಿ ಗುರುತಿಸುತ್ತಾರೆ. ತೀರಾ ಒಳ್ಳೆಯ ಕೆಲವನ್ನೂ ಗುರುತಿಸುತ್ತಾರೆ. ನಡುವಿನ ದೊಡ್ಡ ರಾಶಿಯಲ್ಲಿ ಯಾರ ಕೈಗೆ ಸಿಕ್ಕಿತು ಅನ್ನೋದೇ ಮುಖ್ಯವಾಗಿಬಿಡುತ್ತದೆ. ಅವು ಪೂರ್ತಿ ಬರೆದ ಪ್ರಬಂಧಗಳು, ಓದಿದವರು ಆ ವಿಷಯದ ಪರಿಣತರು. ಎರಡು ಪ್ಯಾರಾದ ಪ್ರಪೋಸಲ್‌ಗಳ ಕಥೆ ಇದಕ್ಕಿಂತ ಚೆನ್ನಾಗಿರುತ್ತದೆ ಅಂತ ನಂಬಲು ನನಗೆ ಕಾರಣ ಸಿಕ್ಕಿಲ್ಲ.

ಈಗ ಹೆಸರಿನ ವಿಷಯ. ಪ್ರಪೋಸಲ್ ಜೊತೆ ಬರೆದವರ ಹೆಸರು, ಕಂಪನಿ, ಹಿಂದೆ ಎಲ್ಲೆಲ್ಲಿ ಮಾತಾಡಿದ್ದಾರೆ ಎಲ್ಲಾ ಕಾಣುತ್ತಿದ್ದರೆ ಓಟು ಅತ್ತ ವಾಲುತ್ತದೆ. ಇದೂ ಬರೀ ಅನುಮಾನದ ಮಾತಲ್ಲ. ಡಬ್ಲ್ಯುಎಸ್‌ಡಿಎಂ ಅನ್ನುವ ಸಮ್ಮೇಳನ 2017ರಲ್ಲಿ ಪ್ರಬಂಧ ಓದಿ ತೂಗುವ ತನ್ನ ಪರಿಣತರನ್ನು ಎರಡು ಪಾಲು ಮಾಡಿತು. ಒಂದು ಪಾಲಿಗೆ ಬರೆದವರ ಹೆಸರು ಕಾಣುತ್ತಿತ್ತು, ಇನ್ನೊಂದಕ್ಕೆ ಇಲ್ಲ. ಹೆಸರು ಕಂಡವರು ಖ್ಯಾತರ, ದೊಡ್ಡ ವಿಶ್ವವಿದ್ಯಾಲಯದವರ, ದೊಡ್ಡ ಕಂಪನಿಯವರ ಪ್ರಬಂಧಗಳಿಗೆ ಜಾಸ್ತಿ ಒಲಿದರು. ಬೇಕಂತ ಮಾಡಿದ್ದಲ್ಲ, ಹೆಸರು ಕಂಡ ಕೂಡಲೇ ಮನಸ್ಸು ತಾನೇ ಅತ್ತ ಹೋಗುತ್ತದೆ.

ಸರಿ, ಹೆಸರು ಮುಚ್ಚಿಬಿಡೋಣ, ಎಲ್ಲಾ ನ್ಯಾಯವಾಗುತ್ತೆ ಅಂತೀರಾ? ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನವರು ಹಾಗೇ ಅಂದುಕೊಂಡಿದ್ದರು. 2017ರಲ್ಲಿ ಎಲೆಕ್ಟ್ರಾನ್‌ಕಾನ್ಫ್ ಅಂತ ಒಂದು ಸಮ್ಮೇಳನಕ್ಕೆ ಹೆಸರು ಮುಚ್ಚಿಯೇ ಟಾಕ್ ಆರಿಸಿದರು. ಪಟ್ಟಿ ಮುಗಿಸಿ ಹೆಸರು ತೆರೆದು ನೋಡಿದರೆ ಅಷ್ಟೂ ಜನ ಗಂಡಸರು. ಸಮ್ಮೇಳನವನ್ನೇ ಮುಂದಕ್ಕೆ ಹಾಕಿದರು. ನೆಟ್‌ನಲ್ಲಿ ಎರಡು ಬಣವಾಗಿ ಜಗಳ ನಡೆಯಿತು, ‘ಯೋಗ್ಯತೆ ನೋಡಿ ಆರಿಸಿದ ಮೇಲೆ ಯಾಕೆ ನಿಲ್ಲಿಸಿದಿರಿ’ ಅಂತ ಒಂದು ಬಣ, ‘ನಿಲ್ಲಿಸಿದ್ದೇ ಸರಿ’ ಅಂತ ಇನ್ನೊಂದು. ನನ್ನ ಪ್ರಕಾರ ಎರಡು ಬಣಗಳೂ ಹಿಂದಿನ ಮೆಟ್ಟಿಲನ್ನು ಬಿಟ್ಟು ಮಾತಾಡಿದವು. ಕಣ್ಣು ಕಟ್ಟಿಕೊಂಡು ಆರಿಸಿದರೆ ಬಂದ ಅರ್ಜಿಗಳಲ್ಲಿ ಏನಿದೆಯೋ ಅದೇ ಹೊರಗೆ ಬರುತ್ತದೆ. ಅರ್ಜಿ ಹಾಕದವರನ್ನು ಹೆಸರು ಮುಚ್ಚಿ ಆರಿಸಲು ಸಾಧ್ಯವೇ ಇಲ್ಲ.

ಇದರ ಉಲ್ಟಾ, ಹೆಸರು ನೋಡಿಯೇ ಪಟ್ಟಿ ಮಾಡುವ ದಾರಿಯ ಉದಾಹರಣೆ ಬ್ರಿಟನ್‌ದು. ಮ್ಯಾಂಚೆಸ್ಟರ್‌ನಲ್ಲಿ 2013ರಲ್ಲಿ ರೂಬಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರ ಒಂದು ಸಮ್ಮೇಳನ ನಡೆಯಬೇಕಿತ್ತು. ಹಿಂದಿನ ವರ್ಷ ನವೆಂಬರ್‌ನಲ್ಲಿ ಹೊರಬಂದ ಸ್ಪೀಕರ್ ಪಟ್ಟಿಯಲ್ಲಿ ಇದ್ದವರೆಲ್ಲ ಬಿಳಿ ಗಂಡಸರು. ಟೀಕೆ ಶುರುವಾಯಿತು, ವಾದ ವಿಕೋಪಕ್ಕೆ ಹೋಯಿತು, ಕೊನೆಗೆ ಸಂಘಟಕರು ಸಮ್ಮೇಳನವನ್ನೇ ರದ್ದು ಮಾಡಿದರು. ಪರಿಚಯ ಇರುವವರಿಗೆ ಫೋನ್ ಹಚ್ಚಿ ಪಟ್ಟಿ ತುಂಬಿಸುವ ರೂಢಿಯಲ್ಲಿ ಇದು ಎಲ್ಲಿ ಬೇಕಾದರೂ ಆಗಬಹುದು. ಯಾರೂ ಯಾರನ್ನೂ ಬೇಕಂತ ಹೊರಗಿಟ್ಟಿರುವುದಿಲ್ಲ. ನಿಮ್ಮ ಫೋನ್‌ಬುಕ್‌ನಲ್ಲಿ ಯಾರಿದ್ದಾರೋ ಅವರೇ ವೇದಿಕೆ ಮೇಲೂ ಇರುತ್ತಾರೆ, ಅಷ್ಟೇ.

ಹಾಗಾದರೆ ಕೆಲಸ ಮಾಡಿದ ದಾರಿ ಯಾವುದು? ಬರ್ಲಿನ್‌ನಲ್ಲಿ ನಡೆದ ಜಾವಾಸ್ಕ್ರಿಪ್ಟ್ ಭಾಷೆಯವರ ಸಮ್ಮೇಳನ ಜೆಎಸ್‌ಕಾನ್ಫ್ ಇಯು 2012ರಲ್ಲಿ ಎರಡನ್ನೂ ಸೇರಿಸಿತು. ಮೊದಲು ಒಳ್ಳೆಯ ಟಾಕ್ ಕೊಡಬಲ್ಲ ಹೆಂಗಸರನ್ನು ಹುಡುಕಿ, ನೀವೂ ಪ್ರಪೋಸಲ್ ಹಾಕಿ ಅಂತ ಕೇಳಿಕೊಂಡರು, ಆಯ್ಕೆಯಾಗುತ್ತೆ ಅಂತ ಮಾತು ಕೊಡಲಿಲ್ಲ. ಆಮೇಲೆ ಹೆಸರು ಮುಚ್ಚಿ ಆರಿಸಿದರು. ಆ ವರ್ಷ ಸ್ಪೀಕರ್‌ಗಳಲ್ಲಿ ಶೇಕಡಾ 25 ಹೆಂಗಸರು.

ಪೈಕಾನ್‌ನದು ಇನ್ನೂ ದೊಡ್ಡ ಕಥೆ. 2011ರಲ್ಲಿ ಅಲ್ಲಿನ ಟಾಕ್‌ಗಳಲ್ಲಿ ಹೆಂಗಸರು ಕೊಟ್ಟದ್ದು ಶೇಕಡಾ 1. 2012ರಲ್ಲಿ 7, 2013ರಲ್ಲಿ 15, 2014 ಮತ್ತು 2015ರಲ್ಲಿ 33, 2016ರಲ್ಲಿ 40. ಈ ಅಂಕಿಗಳನ್ನು ಜನರ ಮುಂದಿಟ್ಟವರು ಅಲ್ಲಿ ಬೇರೆ ಬೇರೆ ಹಿನ್ನೆಲೆಯವರನ್ನು ಸೇರಿಸಿಕೊಳ್ಳುವ ಕೆಲಸದ ಹೊಣೆ ಹೊತ್ತಿದ್ದ ಜೆಸಿಕಾ ಮೆಕೆಲರ್. ಐದು ವರ್ಷದಲ್ಲಿ ಆಯ್ಕೆಯ ಮಾನದಂಡ ಸಡಿಲಿಸಿದ್ದರಿಂದ ಹೀಗಾಗಿದ್ದಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮೇಲ್ ಬರೆದು ಕೇಳಿದ್ದರಿಂದ ಆಗಿದ್ದು. ‘ಎಲ್ಲರಿಗೂ ಸ್ವಾಗತ’ ಅಂತ ಒಂದು ಸಾಲು ಹಾಕಿ ಕೂತರೆ ಹಿಂದೆ ಹಾಕಿದವರೇ ಮತ್ತೆ ಹಾಕುತ್ತಾರೆ. ‘ನೀವು ಆ ಮೀಟಪ್‌ನಲ್ಲಿ ಹೇಳಿದ್ದು ಕೇಳಿದೆ, ಅದನ್ನೇ ಅರ್ಧ ಗಂಟೆಗೆ ಹಿಗ್ಗಿಸಿ ಕಳಿಸಿ, ಬರೆಯಲು ನಾನು ಸಹಾಯ ಮಾಡ್ತೀನಿ’ ಅಂತ ಒಬ್ಬರು ಇನ್ನೊಬ್ಬರಿಗೆ ಬರೆದರೆ ಹೊಸಬರು ಬರುತ್ತಾರೆ. ಬೇಸರದ, ನಿಧಾನದ, ಯಾರೂ ಚಪ್ಪಾಳೆ ತಟ್ಟದ ಕೆಲಸ. ನಾನು ಕಂಡ ಸಮಿತಿಗಳಲ್ಲಿ ಆಯ್ಕೆಯ ಮೀಟಿಂಗ್‌ಗೆ ಎಲ್ಲರೂ ಬರುತ್ತಾರೆ, ಈ ಮೇಲ್ ಬರೆಯುವ ಕೆಲಸಕ್ಕೆ ಒಬ್ಬಿಬ್ಬರು ಸಿಕ್ಕರೆ ಪುಣ್ಯ. ಹೆಂಗಸರ ವಿಷಯದಲ್ಲಿ ನಿಜವಾದದ್ದು ಸಣ್ಣ ಊರಿನವರ, ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಯುವವರ, ದೊಡ್ಡ ಕಂಪನಿಯ ಹೆಸರಿಲ್ಲದವರ ವಿಷಯದಲ್ಲೂ ನಿಜ.

ಹೊರಗೆ ಹೋಗಿ ಕೇಳುವ ಶ್ರಮ ಬೇಡ, ಪಟ್ಟಿ ಮಾತ್ರ ಚೆನ್ನಾಗಿ ಕಾಣಬೇಕು ಅಂದರೆ ಏನಾಗುತ್ತದೆ ಅನ್ನೋದಕ್ಕೆ 2023ರ ಡೆವ್‌ಟರ್ನಿಟಿ ಅನ್ನುವ ಸಮ್ಮೇಳನ ಸಾಕ್ಷಿ. ಅದರ ಸೈಟ್‌ನಲ್ಲಿ ಸ್ಪೀಕರ್ ಅಂತ ತೋರಿಸಿದ್ದ ಕೆಲವು ಹೆಂಗಸರು ನಿಜವಾಗಿ ಇರುವವರೇ ಅಲ್ಲ ಅನ್ನುವ ಆರೋಪ ಬಂತು. ಬರುವುದಾಗಿ ಒಪ್ಪಿದ್ದ ಹೆಸರಾಂತ ಸ್ಪೀಕರ್‌ಗಳು ಒಬ್ಬರಾದ ಮೇಲೆ ಒಬ್ಬರು ಹಿಂದೆ ಸರಿದರು, ಸಮ್ಮೇಳನ ನಡೆಯಲೇ ಇಲ್ಲ.

ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ದಾರಿ ಹಿಡಿದವರಿದ್ದಾರೆ: ಎಲ್ಲವನ್ನೂ ಬಯಲಲ್ಲಿ ಇಡುವುದು. ಕಿರಣ್ ಜೊನ್ನಲಗಡ್ಡ ಮತ್ತು ಜೈನಬ್ ಬಾವಾ 2010ರಲ್ಲಿ ಶುರು ಮಾಡಿದ ಹ್ಯಾಸ್‌ಗೀಕ್ ಅನ್ನುವ ಸಂಸ್ಥೆ ತಾನು ನಡೆಸುವ ಜೆಎಸ್‌ಫೂ, ಫಿಫ್ತ್ ಎಲಿಫೆಂಟ್, ರೂಟ್‌ಕಾನ್ಫ್ ಥರದ ಸಮ್ಮೇಳನಗಳಿಗೆ ಫನೆಲ್ ಅನ್ನುವ ತಮ್ಮದೇ ತಾಣ ಕಟ್ಟಿಕೊಂಡಿತು. ಯಾರು ಏನು ಪ್ರಪೋಸಲ್ ಹಾಕಿದ್ದಾರೆ, ಅದಕ್ಕೆ ಯಾರು ಏನು ಪ್ರಶ್ನೆ ಕೇಳಿದ್ದಾರೆ, ಎಲ್ಲ ಎಲ್ಲರಿಗೂ ಕಾಣುತ್ತಿತ್ತು. 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಪೈಕಾನ್ ಇಂಡಿಯಾ ಕೂಡ ಮುಂದೆ ಜಂಕ್ಷನ್ ಅನ್ನುವ ತಾಣದಲ್ಲಿ ಪ್ರಪೋಸಲ್‌ಗಳನ್ನು ಹೀಗೇ ತೆರೆದಿಟ್ಟಿತು. ಇದರ ಲಾಭ ದೊಡ್ಡದು. ಹೊಸಬರು ಹಳೆಯ ಪ್ರಪೋಸಲ್‌ಗಳನ್ನು ಓದಿ ಕಲಿಯಬಹುದು, ಗುಟ್ಟಾಗಿ ಹಂಚಿಕೊಂಡರು ಅನ್ನುವ ಮಾತಿಗೆ ಜಾಗ ಕಡಿಮೆ. ತೊಂದರೆಯೂ ಇದೆ. ಹೆಸರು ಮುಚ್ಚುವ ಪ್ರಶ್ನೆಯೇ ಇಲ್ಲ. ಓಟು ಹಾಕುವ ಬಟನ್ ಇಟ್ಟರಂತೂ ಮುಗಿಯಿತು, ಆಫೀಸಿನ ಗ್ರೂಪ್‌ನಲ್ಲಿ ‘ಗೆಳೆಯರೇ, ಒಂದು ಕ್ಲಿಕ್’ ಅಂತ ಲಿಂಕ್ ಓಡಾಡುತ್ತದೆ, ಇನ್ನೂರು ಜನರ ಕಂಪನಿಯವರಿಗೆ ಅದು ಸಲೀಸು, ಒಬ್ಬರೇ ಕೂತು ಕೋಡ್ ಬರೆಯುವವರಿಗೆ ಕಷ್ಟ. ಹಾಗಾಗಿ ಬುದ್ಧಿವಂತ ಸಮಿತಿಗಳು ಓಟನ್ನು ಜನರ ಆಸಕ್ತಿಯ ಸುಳಿವಾಗಿ ಮಾತ್ರ ನೋಡಿ, ತೀರ್ಮಾನ ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತವೆ. ಹ್ಯಾಸ್‌ಗೀಕ್‌ನವರಲ್ಲಿ ನನಗೆ ಜಾಸ್ತಿ ಮೆಚ್ಚುಗೆಯಾಗಿದ್ದು ಆಯ್ಕೆಗಿಂತ ಮುಂದಿನದು: ರಿಹರ್ಸಲ್. ಟಾಕ್ ಕೊಡುವವರನ್ನು ಮೊದಲೇ ಕೂರಿಸಿಕೊಂಡು, ಸ್ಲೈಡ್ ನೋಡಿ, ಇಲ್ಲಿ ಎಳೆದಿದ್ದೀರಿ, ಅಲ್ಲಿ ಬಿಟ್ಟಿದ್ದೀರಿ ಅಂತ ಹೇಳುವುದು. ಇಂಥ ತಯಾರಿ ಇದ್ದಾಗ ಹೊಸ ಸ್ಪೀಕರ್ ಮೇಲೆ ಪಂಥ ಕಟ್ಟಲು ಸಮಿತಿಗೂ ಧೈರ್ಯ ಬರುತ್ತದೆ.

ಬ್ರಸೆಲ್ಸ್‌ನಲ್ಲಿ ನಡೆಯುವ ಓಪನ್ ಸೋರ್ಸ್ ಸಮ್ಮೇಳನ ಫಾಸ್‌ಡೆಮ್‌ನದು ಮತ್ತೂ ಬೇರೆ. ಅಲ್ಲಿ ಡೆವ್‌ರೂಮ್ ಅನ್ನುವ ಕೋಣೆಗಳನ್ನು ಒಂದೊಂದು ಸಮುದಾಯಕ್ಕೆ ಬಿಟ್ಟುಕೊಡುತ್ತಾರೆ, ಪ್ರತಿ ಕೋಣೆಯವರೂ ತಮ್ಮದೇ ಅರ್ಜಿ ಕರೆದು ತಾವೇ ಆರಿಸುತ್ತಾರೆ. ಒಂದೇ ಸಮ್ಮೇಳನದಲ್ಲಿ ನೀವು ಒಂದು ಕೋಣೆಯಲ್ಲಿ ರಿಜೆಕ್ಟ್ ಆಗಿ ಇನ್ನೊಂದರಲ್ಲಿ ಆಯ್ಕೆಯಾಗಬಹುದು.

ಕಂಪನಿಗಳ ಪಾತ್ರ ಏನು ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಒಳ್ಳೆಯ ಸಮ್ಮೇಳನಗಳಲ್ಲಿ ಸ್ಪಾನ್ಸರ್‌ಗಳ ಟಾಕ್ ಬೇರೆ ಜಾಗದಲ್ಲಿ, ಸ್ಪಾನ್ಸರ್ ಅನ್ನುವ ಗುರುತಿನ ಜೊತೆ ಇರುತ್ತದೆ, ಕಾರ್ಯಕ್ರಮ ಸಮಿತಿ ಅದನ್ನು ಮುಟ್ಟುವುದಿಲ್ಲ. ಸಮಿತಿಯವರು ತಮ್ಮ ಕಂಪನಿಯವರ ಪ್ರಪೋಸಲ್‌ಗೆ ಅಂಕ ಹಾಕದೆ ಪಕ್ಕಕ್ಕೆ ಸರಿಯುವುದೂ ಸಾಮಾನ್ಯ ನಿಯಮ. ಕುಬರ್‌ನೆಟೀಸ್ ಅನ್ನುವ ಸಾಫ್ಟ್‌ವೇರ್‌ನವರ ಸಮ್ಮೇಳನ ಕುಬ್‌ಕಾನ್‌ನಲ್ಲಿ ಪ್ಯಾನೆಲ್ ಚರ್ಚೆ ಪ್ರಸ್ತಾಪಿಸುವವರು ಎಲ್ಲರೂ ಒಂದೇ ಕಂಪನಿಯವರಾಗಿರಬಾರದು, ಎಲ್ಲರೂ ಗಂಡಸರೇ ಆಗಿರಬಾರದು ಅಂತ ಬರೆದೇ ಇಟ್ಟಿದ್ದಾರೆ. ಕೀನೋಟ್, ಅಂದರೆ ಎಲ್ಲರೂ ಸೇರಿ ಕೇಳುವ ಮುಖ್ಯ ಭಾಷಣದ ಸ್ಪೀಕರ್‌ಗಳನ್ನು ಮಾತ್ರ ಬಹುತೇಕ ಕಡೆ ಸಂಘಟಕರೇ ನೇರವಾಗಿ ಕರೆಯುತ್ತಾರೆ. ಅಲ್ಲಿ ಅರ್ಜಿಯ ಮಾತಿಲ್ಲ, ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದು ಬೇಡ.

ಇನ್ನು ದುಡ್ಡು. ಆಯ್ಕೆಯಾದ ಮೇಲೂ ಜನ ಬೀಳುವುದು ಇಲ್ಲೇ. ಕೆಲವು ಸಮ್ಮೇಳನಗಳು ವಿಮಾನ, ಹೋಟೆಲ್ ಎರಡೂ ಕೊಡುತ್ತವೆ. ಪೈಕಾನ್‌ನಲ್ಲಿ ಸ್ಪೀಕರ್‌ಗಳೂ ಸಂಘಟಕರೂ ಟಿಕೆಟ್ ಕೊಳ್ಳಬೇಕು ಅನ್ನುವ ರೂಢಿ ಇತ್ತು, ಕಷ್ಟ ಇರುವವರಿಗೆ ಧನಸಹಾಯ ಬೇರೆ. ನಮ್ಮವರಿಗೆ ಇದರ ಮೇಲೆ ವೀಸಾ. ಆಯ್ಕೆಯ ಮೇಲ್ ಬಂದ ಮೇಲೆ ಆಹ್ವಾನ ಪತ್ರ, ಆಮೇಲೆ ಅಪಾಯಿಂಟ್‌ಮೆಂಟ್, ಆಮೇಲೆ ಪಾಸ್‌ಪೋರ್ಟ್ ವಾಪಸ್ ಬರುವ ತನಕ ಕಾಯುವುದು. ಸಮಿತಿ ಒಂದು ತಿಂಗಳು ತಡವಾಗಿ ಫಲಿತಾಂಶ ಹೇಳಿದರೆ ಅಲ್ಲಿನ ಊರಿನವರಿಗೆ ಏನೂ ಆಗುವುದಿಲ್ಲ, ಹುಬ್ಬಳ್ಳಿಯಲ್ಲಿ ಕೂತವರಿಗೆ ಅವಕಾಶವೇ ತಪ್ಪುತ್ತದೆ. ವೀಸಾ ಬೇಕಾದವರಿಗೆ ಮೊದಲೇ ತಿಳಿಸಿ ಅಂತ ಸಮಿತಿಗೆ ಕೇಳಿ. ಕೇಳಿದರೆ ಎಷ್ಟೋ ಸಮಿತಿಗಳು ಒಪ್ಪುತ್ತವೆ, ಕೇಳದಿದ್ದರೆ ಅವರಿಗೆ ಹೊಳೆಯುವುದೂ ಇಲ್ಲ.

ಇದೇ ಕಾರಣಕ್ಕೆ ವೇಟ್‌ಲಿಸ್ಟ್ ಅನ್ನೋದನ್ನು ಹಗುರವಾಗಿ ತಗೋಬೇಡಿ. ಕೊನೆಯ ಒಂದು ತಿಂಗಳಲ್ಲಿ ಯಾರಿಗೋ ವೀಸಾ ಸಿಗುವುದಿಲ್ಲ, ಯಾರದೋ ಕಂಪನಿ ರಜೆ ಕೊಡುವುದಿಲ್ಲ, ಯಾರಿಗೋ ಮಗುವಾಗುತ್ತದೆ. ಆಗ ಸಮಿತಿ ಹುಡುಕುವುದು ಅದೇ ವಿಷಯದ, ಎರಡೇ ವಾರದಲ್ಲಿ ಸಿದ್ಧವಾಗಬಲ್ಲ ಟಾಕನ್ನು. ವೇಟ್‌ಲಿಸ್ಟ್‌ನಲ್ಲಿ ಇದ್ದೀರಿ ಅಂತ ಮೇಲ್ ಬಂದರೆ ‘ಕರೆದರೆ ಬರ್ತೀನಿ, ಇಂಥ ದಿನದ ತನಕ ತಿಳಿಸಿದರೆ ಸಾಕು’ ಅಂತ ಒಂದು ಸಾಲು ಉತ್ತರ ಹಾಕಿ. ಬಹಳ ಜನ ಮುನಿಸಿಕೊಂಡು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಕೊಟ್ಟವರ ಹೆಸರೇ ಸಮಿತಿಗೆ ಮೊದಲು ನೆನಪಾಗುತ್ತದೆ. ಪೂರ್ತಿ ರಿಜೆಕ್ಟ್ ಆಗಿದ್ದರೆ ಓದಿದವರ ಟಿಪ್ಪಣಿ ಸಿಗಬಹುದಾ ಅಂತ ಕೇಳಿ, ಸಿಕ್ಕರೆ ತಿದ್ದಿ, ಅದನ್ನೇ ಮುಂದಿನ ಸಮ್ಮೇಳನಕ್ಕೆ ಕಳಿಸಿ. ಅಲ್ಲಿ ಓದುವವರು ಬೇರೆ, ಗುಂಪಿನಲ್ಲಿ ನಿಮ್ಮ ಪಕ್ಕ ನಿಲ್ಲುವ ಪ್ರಪೋಸಲ್‌ಗಳೂ ಬೇರೆ.